ಬಿಳಿನೊಣ ಹೊತ್ತ ನಂಜು

ಬಸವಾಪಟ್ಟಣದ ನಮ್ಮ ಹೊಲದಲ್ಲಿ ಟೊಮೇಟೊ ಎಲೆಗಳು ಮುಟುರಿಕೊಂಡಾಗ ನಾನು ಮೊದಲು ಗೊಬ್ಬರವನ್ನು ದೂರಿದೆ, ಆಮೇಲೆ ನೀರನ್ನು. ನಿಜವಾದ ಕಳ್ಳ ಎಲೆಯಡಿಯಲ್ಲಿ ಕುಳಿತಿತ್ತು: ಮಿಲಿಮೀಟರಿನಷ್ಟೇ ಉದ್ದದ ಬಿಳಿನೊಣ. ರೋಗ ತಗುಲಿದ ಗಿಡದ ರಸವನ್ನು ಅದು ಹೀರುವಾಗ ನಂಜಾಣು ಅದರ ಕರುಳಿಗಿಳಿಯುತ್ತದೆ. ಕರುಳಿನ ಗೋಡೆಯನ್ನು ದಾಟಿ, ದೇಹದ್ರವದಲ್ಲಿ ಸಾಗಿ, ಜೊಲ್ಲಿನ ಗ್ರಂಥಿಯನ್ನು ಸೇರುತ್ತದೆ. ಇದಕ್ಕೆ ಕೆಲವು ಗಂಟೆಗಳು ಬೇಕು. ಅನಂತರ ನೊಣವು ಇನ್ನೊಂದು ಗಿಡಕ್ಕೆ ಸೂಜಿಬಾಯಿ ಚುಚ್ಚಿದರೆ ಜೊಲ್ಲಿನೊಡನೆ ನಂಜೂ ಇಳಿಯುತ್ತದೆ. ನಾನು ಸಿಂಪಡಿಸಿದ ಔಷಧ ನೊಣವನ್ನು ಕೊಂದೀತು, ಗಿಡದೊಳಗಿನ ನಂಜನ್ನಲ್ಲ. ಹೂ ಬಿಟ್ಟಿದೆಯಲ್ಲಾ ಎಂದು ಮುಟುರಿದ ಒಂದು ಸಾಲನ್ನು ಕೀಳದೆ ಉಳಿಸಿದ್ದೆ. ಕೆಲವು ವಾರಗಳಲ್ಲಿ ನೆರೆಯವರ ಹೊಲವೂ ಮುಟುರಿತು; ನೊಣಕ್ಕೆ ಬದುವಿನ ಲೆಕ್ಕವೆಲ್ಲಿಯದು! ಅವರು ಏನನ್ನೂ ಹೇಳಲಿಲ್ಲ. ಮರುವರ್ಷ ಇಬ್ಬರ ಸಸಿಮಡಿಗಳಿಗೂ ನಾನೇ ನೈಲಾನ್ ಪರದೆ ಕಟ್ಟಿದೆ.