ತೆಂಗಿನ ಸೀಮೆಯಿಂದ ಕಡಲ ಕರೆಗೆ: ಮೂರು ವಾರಗಳ ಯಾತ್ರಾಕ್ರಮ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕೊಬ್ಬರಿಯು ಉತ್ತರದೇಶದ ದೂರದೂರದ ಪೇಟೆಗಳನ್ನು ಕಂಡಿರುವುದು. ಆ ಕಾಯಿಯನ್ನು ಅಟ್ಟಕ್ಕೆ ಏರಿಸಿದ ಕೈಗಳಾದರೋ ಬಹುಮಟ್ಟಿಗೆ ತೋಟದ ಬೇಲಿಯನ್ನು ದಾಟಿರುವುದಿಲ್ಲ. ಐವತ್ತು ವರ್ಷ ತುಂಬಿಯೂ ಸಮುದ್ರವನ್ನು ಕಾಣದ ಗೃಹಿಣಿಯರು ನಮ್ಮ ಸೀಮೆಯಲ್ಲಿ ಅನೇಕರಿದ್ದಾರೆ. ರಘುವಂಶದ ಹದಿಮೂರನೆಯ ಸರ್ಗದಲ್ಲಿ ಶ್ರೀರಾಮನು ಪುಷ್ಪಕದಲ್ಲಿ ಕುಳಿತು ಸೀತೆಗೆ ಕಡಲನ್ನು ಬೆರಳಿಟ್ಟು ತೋರಿಸುವನು. ನಮಗೆ ಪುಷ್ಪಕವಿಲ್ಲವೆಂಬುದು ನಿಜ, ಆದರೆ ರಸ್ತೆಯುಂಟು.

ಆ ರಸ್ತೆಯ ವಿಚಾರವು ಬಲು ಸ್ವಾರಸ್ಯವಾದುದು. ತಿಪಟೂರಿನಿಂದ ಪಶ್ಚಿಮಕ್ಕೆ ಅರಸೀಕೆರೆಯನ್ನು ಕಳೆದು ಬಾಣಾವರವನ್ನು ಸೇರಿದರೆ, ಅಲ್ಲಿ ದಾರಿ ಕವಲೊಡೆಯುವುದು. ಒಂದು ಕವಲು ಜಾವಗಲ್ಲು, ಹಳೇಬೀಡು, ಬೇಲೂರು, ಮೂಡಿಗೆರೆಗಳ ಮೇಲೆ ಚಾರ್ಮಾಡಿ ಘಟ್ಟವನ್ನಿಳಿದು ಮಂಗಳೂರಿಗೆ ಹೋಗುವುದು. ಇನ್ನೊಂದು ಕಡೂರು, ತರೀಕೆರೆ, ಶಿವಮೊಗ್ಗ, ಸಾಗರಗಳ ಮೇಲೆ ಗೇರುಸೊಪ್ಪೆಯ ಘಟ್ಟವನ್ನಿಳಿದು ಹೊನ್ನಾವರಕ್ಕೆ ಹೋಗುವುದು. ಒಂದರಲ್ಲಿ ಇಳಿದು, ಕರಾವಳಿಯುದ್ದಕ್ಕೂ ನಡೆದು, ಇನ್ನೊಂದರಲ್ಲಿ ಏರಿ ಬಂದರೆ ಯಾತ್ರೆಯು ಪ್ರದಕ್ಷಿಣಾಕಾರವಾಗಿ ಮುಗಿಯುವುದು.

ಹೊರಡತಕ್ಕ ಕಾಲ ಯಾವುದು? ಮಳೆಗಾಲದಲ್ಲಿ ಸರ್ವಥಾ ಹೊರಡಕೂಡದು. ೨೦೧೯ರ ಆಗಸ್ಟಿನಲ್ಲಿ ಚಾರ್ಮಾಡಿಯ ಗುಡ್ಡ ಜರಿದು ಸಂಚಾರವೇ ನಿಂತಿತು. ೨೦೨೪ರ ಜುಲೈ ೧೬ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿದು ಹಲವರ ಪ್ರಾಣವನ್ನು ಕೊಂಡೊಯ್ದಿತು. ಮುಂದಿನ ತಿಂಗಳಿನ ೭ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿದ್ದಿತು. ದೀಪಾವಳಿ ಕಳೆದರೆ ದಾರಿಯೇನೋ ಹಸನಾಗುವುದು. ಆದರೆ ಆಗ ನಮ್ಮಲ್ಲಿ ರಾಗಿಯ ಕೊಯ್ಲು, ಬಳಿಕ ಕಣ. ಸಂಕ್ರಾಂತಿ ಮುಗಿಸಿಕೊಂಡು ಹೊರಟು ಶಿವರಾತ್ರಿಯ ಒಳಗಾಗಿ ಮರಳುವುದೇ ಉಚಿತ.

ಅಟ್ಟದ ಮೇಲಿನ ಕಾಯಿ ಹತ್ತು ಹನ್ನೊಂದು ತಿಂಗಳು ತಾನಾಗಿ ಒಣಗತಕ್ಕದ್ದು. ಅದಕ್ಕೆ ಮೂರು ವಾರದ ಅಗಲಿಕೆ ಲೆಕ್ಕವಲ್ಲ. ಕಷ್ಟವಿರುವುದು ನೀರಿನದು, ಹಸುವಿನದು. ವಿದ್ಯುತ್ತು ಬಂದ ಹೊತ್ತಿಗೆ ಕೊಳವೆಬಾವಿಯ ಮೋಟಾರು ಹಾಕುವವನೊಬ್ಬ ಮನೆಯಲ್ಲಿರಲೇಬೇಕು. ಮಕ್ಕಳು ಬೆಂಗಳೂರು ಸೇರಿ, ಮುದುಕ ಮುದುಕಿಯರಿಬ್ಬರೇ ಉಳಿದ ಮನೆಗಳಲ್ಲಿ ಈ ಒಂದು ಕಾರಣಕ್ಕೆ "ಮುಂದಿನ ವರ್ಷ ನೋಡೋಣ" ಎಂದು ಹೇಳುತ್ತ ಹೇಳುತ್ತ ಒಬ್ಬರು ತೀರಿಕೊಂಡುದನ್ನು ನಾವು ಕಂಡಿದ್ದೇವೆ. ಕಳೆ ಕೀಳುವುದಕ್ಕೆ ಮುಯ್ಯಾಳು ಕಳುಹಿಸುವ ಪದ್ಧತಿ ನಮ್ಮಲ್ಲಿ ಉಂಟಷ್ಟೆ. ಯಾತ್ರೆಗೂ ಅದೇ ಮುಯ್ಯಿ ಏಕಾಗಬಾರದು? ಈ ವರ್ಷ ನೆರೆಯವರ ತೋಟವನ್ನು ನಾವು ನೋಡಿಕೊಂಡರೆ, ಬರುವ ವರ್ಷ ನಮ್ಮದನ್ನು ಅವರು ನೋಡಿಕೊಳ್ಳುವರು. ಈ ಮಾತನ್ನು ಗೌರಿಹಬ್ಬದ ಹೊತ್ತಿಗೇ ಆಡಿಟ್ಟುಕೊಳ್ಳತಕ್ಕದ್ದು.

ಇನ್ನು ದಾರಿ. ಬೇಲೂರು ಹಳೇಬೀಡುಗಳು ನಮ್ಮ ನೆರೆಯವು, ಎಂದು ಬೇಕಾದರೂ ನೋಡಬಹುದು. ಹಗಲಿರುವಾಗಲೇ ಚಾರ್ಮಾಡಿಯನ್ನು ಇಳಿಯುವುದು ಮುಖ್ಯ. ಮಂಗಳೂರಿನಲ್ಲಿ ನಾಲ್ಕು ದಿನ ನಿಲ್ಲಬೇಕು. ಕದ್ರಿಯ ದೇವಾಲಯದಲ್ಲಿ ಕ್ರಿ. ಶ. ೯೬೮ರ ಶಾಸನವುಳ್ಳ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಅದರ ಮುಂದೆ ಅವಸರ ಸಲ್ಲದು. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರು ಸಮಾಚಾರ'ವನ್ನು ೧೮೪೩ರಲ್ಲಿ ಮೋಗ್ಲಿಂಗ್ ಸಾಹೇಬರು ಹೊರಡಿಸಿದುದು ಈ ಊರಿನಲ್ಲಿಯೇ. ನಮ್ಮ ಅಟ್ಟಗಳಲ್ಲಿ ಕಾಯಿ ಒಣಗುವುದು ಎಷ್ಟೋ ಮನೆಗಳಲ್ಲಿ ಮಂಗಳೂರು ಹೆಂಚಿನ ಕೆಳಗೆ. ಆ ಹೆಂಚಿನ ಉದ್ಯಮವನ್ನು ಬಾಸೆಲ್ ಮಿಶನ್ನಿನವರು ಇಲ್ಲಿ ಆರಂಭಿಸಿದುದು ೧೮೬೫ರಲ್ಲಿ. ಒಂದು ದಿನ ದಕ್ಷಿಣಕ್ಕೆ ಮಂಜೇಶ್ವರಕ್ಕೆ ಹೋಗಿ ಗೋವಿಂದ ಪೈಗಳ ಮನೆಯನ್ನು ನೋಡಿಬರಬೇಕು. ೧೯೫೬ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಆದರೂ ಆ ಮಣ್ಣಿನಲ್ಲಿ ಕನ್ನಡವು ಇಂದಿಗೂ ಮನೆಮಾತಾಗಿರುವುದು.

ಅಲ್ಲಿಂದ ಉತ್ತರಕ್ಕೆ ದಿನಕ್ಕೆ ಅರವತ್ತು ಕಿಲೋಮೀಟರಿಗಿಂತ ಹೆಚ್ಚು ಓಡಿಸಬಾರದೆಂಬುದು ನಮ್ಮ ಮತ. ಉಡುಪಿಯಲ್ಲಿ ನಿಂತು, ಮಲ್ಪೆಯಿಂದ ದೋಣಿಯಲ್ಲಿ ಸಂತ ಮೇರಿ ದ್ವೀಪಕ್ಕೆ ಹೋದರೆ, ಕುಡುಗೋಲಿನಿಂದ ಕೊಯ್ದಂತೆ ಕೋನ ಕೋನವಾಗಿ ನಿಂತ ಶಿಲಾಸ್ತಂಭಗಳನ್ನು ಕಾಣಬಹುದು. ಕೋಟ್ಯಂತರ ವರ್ಷಗಳ ಹಿಂದಿನ ಅಗ್ನಿಶಿಲಾರಸವು ತಣಿದು ಹಾಗಾದುದೆಂದು ಭೂವಿಜ್ಞಾನಿಗಳು ಹೇಳುವರು. ಕುಂದಾಪುರದಾಚೆ ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಾವು ಕೆರೆಯ ನೀರನ್ನು ಬಲ್ಲವರು, ಕಡಲಿನ ನೀರನ್ನಲ್ಲ. ಕೆರೆಯು ನಿಂತಲ್ಲಿ ನಿಲ್ಲುವುದು. ಕಡಲು ಮೊಣಕಾಲುದ್ದ ಇರುವಂತೆ ತೋರಿ, ಹಿಂದಿರುಗುವ ಅಲೆಯಿಂದ ಕಾಲ ಕೆಳಗಿನ ಮರಳನ್ನೇ ಸೆಳೆದೊಯ್ಯುವುದು. ೨೦೨೪ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಮುಳುಗಿ ತೀರಿಕೊಂಡರು. ನಮ್ಮಂತೆಯೇ ಬಯಲುಸೀಮೆಯ ಮಕ್ಕಳು ಅವರು. ಮೂವತ್ತು ವರ್ಷಗಳಿಗೂ ಮೀರಿ ಮಕ್ಕಳನ್ನು ಸಾಲಾಗಿ ಕರೆದುಕೊಂಡು ನಡೆದ ನಮಗೆ ಆ ವಾರ್ತೆಯನ್ನು ಓದಿ ಊಟ ಸೇರಲಿಲ್ಲ. ಕಾವಲುಗಾರರು ಇರುವ ತೀರದಲ್ಲಿ ಮಾತ್ರ, ಅವರು ತೋರಿಸಿದ ಗಡಿಯೊಳಗೆ, ಪಾದ ನೆನೆಸುವಷ್ಟು ಮಾತ್ರ ಇಳಿಯತಕ್ಕದ್ದು. ಮೊಮ್ಮಕ್ಕಳು ಜೊತೆಯಲ್ಲಿದ್ದರೆ ಕೈ ಬಿಡಕೂಡದು.

ಹೊನ್ನಾವರ, ಕುಮಟೆಗಳನ್ನು ಹೋಗುವಾಗ ಬಿಟ್ಟು ನೇರವಾಗಿ ಕಾರವಾರಕ್ಕೆ ಹೋಗುವುದು ಲೇಸು. ಹಿಂದಿರುಗುವಾಗ ಅವೇ ದಾರಿಯಲ್ಲಿ ಬರುವುವು. ೧೮೮೦ರ ದಶಕದ ಆರಂಭದಲ್ಲಿ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ರವೀಂದ್ರನಾಥ ಠಾಕೂರರು ತಂಗಿದ್ದು 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಬರೆದರು. ಊರಿನ ಕಡಲತೀರಕ್ಕೆ ಈಗ ಅವರದೇ ಹೆಸರು.

ನಮ್ಮ ಮನಸ್ಸಿಗೆ ಎಲ್ಲಕ್ಕೂ ಮಿಗಿಲಾದುದು ಕುಮಟೆಯ ಬಳಿಯ ಅಘನಾಶಿನಿಯ ಅಳಿವೆ. ಅಣೆಕಟ್ಟನ್ನೇ ಕಾಣದೆ ಕಡಲು ಸೇರುವ ನದಿ ಅದು. ೨೦೨೪ರಲ್ಲಿ ಈ ಅಳಿವೆಯು ರಾಮ್ಸಾರ್ ಪಟ್ಟಿಗೆ ಸೇರಿತು. ಉಪ್ಪುನೀರು ನುಗ್ಗಿದರೂ ಬದುಕುವ ಕಗ್ಗವೆಂಬ ಭತ್ತವನ್ನು ಅಲ್ಲಿನ ಗಜನಿ ಗದ್ದೆಗಳಲ್ಲಿ ಬೆಳೆಯುವರು. ಕೊಳವೆಬಾವಿಯ ನೀರು ವರ್ಷವರ್ಷಕ್ಕೂ ಆಳಕ್ಕಿಳಿಯುತ್ತಿರುವ ನಾಡಿನಿಂದ ಹೋದ ರೈತನು, ನೀರು ಹೆಚ್ಚಾಯಿತೆಂದು ಕಟ್ಟೆ ಕಟ್ಟುವ ರೈತನೊಡನೆ ಅರ್ಧ ದಿನ ಕುಳಿತು ಮಾತನಾಡಿದರೆ ಇಬ್ಬರಿಗೂ ಹೊಸತು ದೊರಕೀತು. ಸಾಣಿಕಟ್ಟೆಯ ಉಪ್ಪಿನ ಆಗರವೂ ಗೋಕರ್ಣವೂ ಅಲ್ಲಿಗೆ ಹತ್ತಿರ.

ಹೊನ್ನಾವರದಿಂದ ಘಟ್ಟವೇರಿದರೆ ಜೋಗ. ಮಾಘಮಾಸದಲ್ಲಿ ಜಲಪಾತವು ಕ್ಷೀಣವಾಗಿರುವುದು. ಚಿತ್ರಪಟಗಳಲ್ಲಿ ಕಂಡ ಭೋರ್ಗರೆತವನ್ನು ನಿರೀಕ್ಷಿಸಿ ಹೋದವರಿಗೆ ಆಶಾಭಂಗವಾದೀತು. ಅದನ್ನು ನೋಡಲೇಬೇಕೆಂಬವರು ಮಳೆ ಹಿಂಜರಿದ ಮೇಲೆ ಬೇರೆಯಾಗಿ ಎರಡು ದಿನಕ್ಕೆ ಬರಲಿ. ಸಾಗರದಲ್ಲೊಂದು ರಾತ್ರಿ, ಶಿವಮೊಗ್ಗದಲ್ಲೊಂದು ರಾತ್ರಿ ಕಳೆದು ಬೆಳಗ್ಗೆ ಹೊರಟರೆ, ಬಾಣಾವರದಲ್ಲಿ ಹೋದ ದಾರಿಯೂ ಬಂದ ದಾರಿಯೂ ಕೂಡುವುವು. ಸಂಜೆಯ ಹಾಲು ಕರೆಯುವ ಹೊತ್ತಿಗೆ ಮನೆ ಸೇರಬಹುದು.