ಉಸಿರೆಂಬ ವರದಾನ



ಪಂಚಾಶತ್ತಮ ಹಬ್ಬದಂದು ನಾವು ಧ್ಯಾನಿಸುವ ಶುಭಸಂದೇಶದಲ್ಲಿ, ಪುನರುತ್ಥಾನರಾದ ಯೇಸುಸ್ವಾಮಿ ಹೆದರಿ ಕುಳಿತಿದ್ದ ಶಿಷ್ಯರ ಮೇಲೆ ಉಸಿರೂದುತ್ತಾರೆ (ಯೊವಾನ್ನ 20:22). ಮಣ್ಣಿನ ಮನುಷ್ಯ ಜೀವ ಪಡೆದದ್ದೂ ದೇವರ ಉಸಿರಿನಿಂದಲೇ. ಉಸಿರಾಟ ನಮಗೆ ಎಷ್ಟು ಸಲೀಸೆಂದರೆ, ಅದಕ್ಕಾಗಿ ಕೃತಜ್ಞತೆ ಸಲ್ಲಿಸುವುದನ್ನೇ ಮರೆತಿದ್ದೇವೆ. ಆದರೆ ಒಂದೊಂದು ಉಸಿರಿಗೂ ಶ್ರಮಪಡುವ ಮಕ್ಕಳಿದ್ದಾರೆ. ಸೆರೆಬ್ರಲ್ ಪಾಲ್ಸಿ ತೀವ್ರವಾಗಿರುವ ಮಕ್ಕಳಲ್ಲಿ ಇಂಥವರು ಅನೇಕರು.

ಹುಟ್ಟುವ ಮುನ್ನ, ಹೆರಿಗೆಯಲ್ಲಿ ಅಥವಾ ಶೈಶವದಲ್ಲಿ ಮಿದುಳಿಗಾಗುವ ಹಾನಿಯೇ ಇದಕ್ಕೆ ಕಾರಣ. ಇದು ಅಂಟುರೋಗವಲ್ಲ, ಶಾಪವೂ ಅಲ್ಲ. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪದ ಫಲವೆಂದು ಕೇಳಿದ ಶಿಷ್ಯರಿಗೆ, ಅವನದೂ ಅಲ್ಲ, ಹೆತ್ತವರದೂ ಅಲ್ಲವೆಂದು ಪ್ರಭು ತಿಳಿಸಿದರು.

ಈ ಮಕ್ಕಳಲ್ಲಿ ಕೈಕಾಲುಗಳಂತೆಯೇ ಎದೆ, ಹೊಟ್ಟೆಯ ಸ್ನಾಯುಗಳೂ ದುರ್ಬಲವಾಗಿರಬಹುದು. ಆಗ ಗಟ್ಟಿಯಾಗಿ ಕೆಮ್ಮಲಾಗದೆ ಕಫ ಒಳಗೇ ಉಳಿಯುತ್ತದೆ. ನುಂಗುವಾಗ ಆಹಾರ ಶ್ವಾಸನಾಳಕ್ಕೆ ಇಳಿಯುವುದೂ ಉಂಟು. ಹೀಗಾಗಿ ನ್ಯುಮೋನಿಯಾ ಮತ್ತೆ ಮತ್ತೆ ಕಾಡುತ್ತದೆ. ಪ್ರಾಣಕ್ಕೂ ಅಪಾಯ ತರುತ್ತದೆ.

ವಿದ್ಯುತ್ತಿನಿಂದ ಸ್ನಾಯು ಸಂಕುಚಿಸುವುದನ್ನು ಕಪ್ಪೆಯ ಕಾಲಿನಲ್ಲಿ ಕಂಡು 1791ರಲ್ಲಿ ಪ್ರಕಟಿಸಿದವರು ಇಟಲಿಯ ವೈದ್ಯ ಲುಯಿಜಿ ಗಾಲ್ವಾನಿ. ಇವರು ಸಂತ ಫ್ರಾನ್ಸಿಸರ ಮೂರನೇ ಸಭೆಗೆ ಸೇರಿದ್ದ ಭಕ್ತರು. ಇಂದು ಅದೇ ತತ್ವದಿಂದ, ಹೊಟ್ಟೆಯ ಚರ್ಮಕ್ಕೆ ಚಿಕ್ಕ ಪಟ್ಟಿಗಳನ್ನು ಅಂಟಿಸಿ, ಉಸಿರು ಬಿಡುವ ಹೊತ್ತಿಗೆ ಸರಿಯಾಗಿ ಹದವಾದ ವಿದ್ಯುತ್ ಹಾಯಿಸುತ್ತಾರೆ. ಸ್ನಾಯು ಬಿಗಿಯಾಗಿ ವಪೆಯನ್ನು ಮೇಲಕ್ಕೆ ಒತ್ತುತ್ತದೆ. ಗಾಳಿ ರಭಸದಿಂದ ಹೊರಬಂದು ಕೆಮ್ಮಿಗೆ ಬಲ ಬರುತ್ತದೆ.

ಆದರೆ ಪೋಷಕರು ದುಡುಕಬಾರದು. ಈ ವಿಧಾನವನ್ನು ಹೆಚ್ಚಾಗಿ ಪರೀಕ್ಷಿಸಿರುವುದು ಬೆನ್ನುಹುರಿಗೆ ಪೆಟ್ಟಾದವರಲ್ಲಿ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಸಣ್ಣ ಅಧ್ಯಯನಗಳಷ್ಟೇ ನಡೆದಿವೆ. ಇದು ಮಿದುಳಿನ ಹಾನಿಯನ್ನು ಸರಿಪಡಿಸುವುದಿಲ್ಲ. ಫಿಟ್ಸ್ ಬರುವ ಮಕ್ಕಳಿಗೆ ವಿಶೇಷ ಎಚ್ಚರ ಬೇಕು. ಆದ್ದರಿಂದ ಜಾಹೀರಾತು ನಂಬಿ, ಒಡವೆ ಅಡವಿಟ್ಟು ಯಂತ್ರ ಕೊಳ್ಳಬೇಡಿ. ಮೊದಲು ವೈದ್ಯರನ್ನು ಕೇಳಿ. ಮಗುವಿಗೆ ತಕ್ಕ ಭಂಗಿಯಲ್ಲಿ ಕೂರಿಸಿ ನಿಧಾನವಾಗಿ ಉಣಿಸುವುದನ್ನೂ, ಕಫ ತೆಗೆಸುವುದನ್ನೂ ತಜ್ಞರಿಂದ ಕಲಿಯಿರಿ.

ಉಸಿರು ಕೊಡುವವರು ದೇವರು. ಆ ಉಸಿರಿಗೆ ಆಸರೆಯಾಗುವ ಕೆಲಸವನ್ನು ಅವರು ನಮ್ಮ ಕೈಗೆ ಒಪ್ಪಿಸಿದ್ದಾರೆ. ಬಲಿಪೂಜೆಯಲ್ಲಿ ಇಂಥ ಮಗುವಿನ ಗೊರಗೊರ ಸದ್ದು ಕೇಳಿದರೆ ಹಿಂದಿರುಗಿ ದಿಟ್ಟಿಸದಿರೋಣ. ಅದೂ ಒಂದು ಪ್ರಾರ್ಥನೆಯೇ. ರಾತ್ರಿಯಿಡೀ ಎಚ್ಚರವಿದ್ದ ತಾಯಿಗೆ ಒಂದು ಗಂಟೆ ಬಿಡುವು ಕೊಡೋಣ. ಪವಿತ್ರಾತ್ಮರು ಈ ಮಕ್ಕಳನ್ನೂ ಅವರ ಮನೆಯವರನ್ನೂ ಆಶೀರ್ವದಿಸಲಿ.