ಪೇಟೆಯ ಬೀದಿಗಳಲ್ಲಿ ಹೂವಿನ ಕರಗ

ಬೆಂಗಳೂರಿನ ತಿಗಳರಪೇಟೆಯಲ್ಲಿರುವ ಧರ್ಮರಾಯಸ್ವಾಮಿ ದೇವಸ್ಥಾನದಲ್ಲಿ ಪ್ರತಿ ವರ್ಷ ಚೈತ್ರ ಶುಕ್ಲ ಪಕ್ಷದಲ್ಲಿ ಧ್ವಜಾರೋಹಣದೊಂದಿಗೆ ಆರಂಭವಾಗುವ ಕರಗ ಉತ್ಸವವು ಸುಮಾರು 11 ದಿನ ನಡೆದು, ಹುಣ್ಣಿಮೆಯ ರಾತ್ರಿ ಹೂವಿನ ಕರಗವು ಬೀದಿಗಿಳಿದಾಗ ತನ್ನ ಉಚ್ಛ್ರಾಯವನ್ನು ತಲುಪುತ್ತದೆ. ಕರಗವೆಂದರೆ ಶಕ್ತಿದೇವತೆಯನ್ನು ಆವಾಹಿಸಿದ ಕುಂಭ. ಈ ಉತ್ಸವದಲ್ಲಿ ಆ ದೇವತೆ ಮಹಾಭಾರತದ ದ್ರೌಪದಿ. ಧರ್ಮರಾಯ ಮತ್ತು ಅವನ ತಮ್ಮಂದಿರನ್ನು ಪ್ರತಿಷ್ಠಾಪಿಸಿದ ಗುಡಿಗಳು ನಾಡಿನಲ್ಲಿ ವಿರಳವಾಗಿದ್ದು, ಇರುವ ಕೆಲವಲ್ಲಿಯೂ ಬಹುಪಾಲು ಪೂಜೆಯ ನಿಜವಾದ ಕೇಂದ್ರ ದ್ರೌಪದಿಯೇ ಎಂಬುದನ್ನು ಕರಗದ ಆಚರಣೆಗಳು ಸ್ಪಷ್ಟಪಡಿಸುತ್ತವೆ. ಗುಡಿಯ ಹೆಸರು ಧರ್ಮರಾಯನದು, ಊರು ಎದುರು ನೋಡುವುದು ದ್ರೌಪದಿಯನ್ನು.

ಉತ್ಸವವನ್ನು ನಡೆಸಿಕೊಂಡು ಬಂದವರು ವಹ್ನಿಕುಲ ಕ್ಷತ್ರಿಯರೆಂದು ಕರೆದುಕೊಳ್ಳುವ ತಿಗಳ ಸಮುದಾಯದವರು. ವಹ್ನಿಯೆಂದರೆ ಬೆಂಕಿ, ಯಜ್ಞಕುಂಡದಿಂದ ಹುಟ್ಟಿದ ದ್ರೌಪದಿಯೊಂದಿಗೆ ತಮಗಿರುವ ಸಂಬಂಧವನ್ನು ಸಮುದಾಯವು ಕುಲದ ಹೆಸರಿನಲ್ಲಿಯೇ ಹೇಳಿಕೊಳ್ಳುತ್ತದೆ. ಕುಲವೃತ್ತಿಯಿಂದ ಇವರು ತೋಟಗಾರರು. ಕೆರೆಗಳ ಕೆಳಗಿನ ತೇವದ ನೆಲದಲ್ಲಿ ಹೂವು, ಸೊಪ್ಪು, ತರಕಾರಿ ಬೆಳೆದು ಪೇಟೆಗೆ ಒದಗಿಸುತ್ತಿದ್ದ ಈ ಜನರ ಬದುಕು ಕೆರೆಯ ನೀರಿನ ಮೇಲೆಯೇ ನಿಂತಿತ್ತು ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ, ಕರಗದ ಒಂದೊಂದು ವಿಧಿಯೂ ಯಾವುದಾದರೊಂದು ಕುಂಟೆಯ ದಂಡೆಗೋ ಕೆರೆಯಂಗಳಕ್ಕೋ ಏಕೆ ಹೋಗಿ ಬರುತ್ತದೆ ಎಂಬುದು ಅರ್ಥವಾಗುತ್ತದೆ.

ಕರಗದ ಹಿಂದಿರುವ ಕಥೆ ವ್ಯಾಸಭಾರತದಲ್ಲಿಲ್ಲ. ಕುಮಾರವ್ಯಾಸನು ತನ್ನ ಕಾವ್ಯವನ್ನು ಗದಾಪರ್ವಕ್ಕೇ ಮುಗಿಸಿದ್ದರಿಂದ ಕನ್ನಡ ಓದುಗರ ಅಚ್ಚುಮೆಚ್ಚಿನ ಭಾರತದಲ್ಲಿಯೂ ಅದಕ್ಕೆ ಎಡೆಯಿಲ್ಲ. ವ್ಯಾಸರ ಪ್ರಕಾರ ಪಾಂಡವರ ಮಹಾಪ್ರಸ್ಥಾನದಲ್ಲಿ ಮೊದಲು ಕುಸಿದು ಬೀಳುವವಳು ದ್ರೌಪದಿ, ಮತ್ತು ಅವಳ ಕಥೆ ಅಲ್ಲಿಗೆ ಮುಗಿಯುತ್ತದೆ. ಆದರೆ ತಿಗಳರ ಪರಂಪರೆಯ ಕಥೆ ಶುರುವಾಗುವುದೇ ಅಲ್ಲಿಂದ. ಗಂಡಂದಿರು ಮುಂದೆ ಸಾಗಿದ ಮೇಲೆ ಮೂರ್ಛೆ ತಿಳಿದೆದ್ದ ದ್ರೌಪದಿಯನ್ನು ತಿಮಿರಾಸುರನೆಂಬ ರಾಕ್ಷಸನು ಕಾಡಿದಾಗ, ಅವಳು ಆದಿಶಕ್ತಿಯ ರೂಪ ತಾಳಿ, ತನ್ನ ಹಣೆಯಿಂದ ಗಣಾಚಾರಿಯನ್ನೂ, ಕಿವಿಗಳಿಂದ ಗೌಡರನ್ನೂ, ಬಾಯಿಯಿಂದ ಗಂಟೆ ಪೂಜಾರಿಯನ್ನೂ, ಹೆಗಲುಗಳಿಂದ ವೀರಕುಮಾರರೆಂಬ ಯೋಧರನ್ನೂ ಸೃಷ್ಟಿಸಿ ಅಸುರನನ್ನು ಸಂಹರಿಸಿದಳು. ಆಮೇಲೆ ಹೊರಟುನಿಂತ ತಾಯಿಯನ್ನು ವೀರಕುಮಾರರು ತಡೆದು ಅಂಗಲಾಚಿದಾಗ, ವರ್ಷಕ್ಕೆ 3 ದಿನ ಭೂಮಿಗೆ ಬಂದು ಮಕ್ಕಳ ಜೊತೆಗಿರುವುದಾಗಿ ಮಾತು ಕೊಟ್ಟಳು. ಕೊಟ್ಟ ಮಾತಿನಂತೆ ಅವಳು ಬಂದಿರುವ ದಿನಗಳೇ ಕರಗದ ದಿನಗಳು. ಈ ಕಥೆಯಲ್ಲಿ ಬರುವ ಗಣಾಚಾರಿ, ಗೌಡ, ಗಂಟೆ ಪೂಜಾರಿ ಮುಂತಾದವೆಲ್ಲ ಇಂದಿಗೂ ಸಮುದಾಯದಲ್ಲಿರುವ ಹೊಣೆಗಾರಿಕೆಗಳಾಗಿದ್ದು, ಉತ್ಸವದಲ್ಲಿ ಯಾರ ಕೆಲಸವೇನು ಎಂಬುದನ್ನು ಪುರಾಣವೇ ಹಂಚಿಕೊಟ್ಟಂತಿದೆ.

ಕರಗವನ್ನು ಹೊರುವ ಪೂಜಾರಿಯು ಆ ದಿನಗಳ ಮಟ್ಟಿಗೆ ದ್ರೌಪದಿಯೇ ಆಗುತ್ತಾನೆ. ವ್ರತನಿಯಮಗಳಿಂದ ದೇಹವನ್ನು ಹದಗೊಳಿಸಿಕೊಂಡ ಅವನಿಗೆ ಅರಿಶಿನ ಬಣ್ಣದ ಸೀರೆ ಉಡಿಸಿ, ಬಳೆ ತೊಡಿಸಿ, ಹಣೆಗೆ ಕುಂಕುಮವಿಟ್ಟು, ಕೊರಳಿಗೆ ತಾಳಿ ಕಟ್ಟುವ ಶಾಸ್ತ್ರಗಳು ನಡೆಯುತ್ತವೆ. ಆ ತಾಳಿ ಮತ್ತು ಬಳೆಗಳು ಅವನ ಹೆಂಡತಿಯವು. ಅವುಗಳನ್ನು ಬಿಚ್ಚಿಕೊಟ್ಟ ಅವಳು ಉತ್ಸವ ಮುಗಿಯುವವರೆಗೆ ಗಂಡನ ಕಣ್ಣಿಗಾಗಲಿ, ಕರಗದ ಎದುರಿಗಾಗಲಿ ಬೀಳುವಂತಿಲ್ಲ. ಊರೆಲ್ಲ ಕಣ್ತುಂಬ ನೋಡುವ ಕರಗವನ್ನು ಹೊತ್ತವನ ಮನೆಯಾಕೆಯೇ ನೋಡುವಂತಿಲ್ಲದ ಈ ಕಟ್ಟಳೆಯ ಬಗ್ಗೆ ಕರಗವನ್ನು ಕುರಿತ ಬರಹಗಳಲ್ಲಿ ಒಂದು ಸಾಲಿಗಿಂತ ಹೆಚ್ಚು ಸಿಗುವುದು ಅಪರೂಪ.

ಹುಣ್ಣಿಮೆಗೆ ಮುಂಚಿನ ತ್ರಯೋದಶಿಯಂದು ಹಸಿ ಕರಗ. ಕೆರೆಯ ಮಣ್ಣಿನಿಂದ ಮಾಡಿದ, ಆವಿಗೆಯಲ್ಲಿ ಸುಡದ ಹಸಿ ಕುಂಭವೇ ಇಲ್ಲಿ ಕರಗವಾಗುವುದರಿಂದ ಈ ಹೆಸರು. ಕಬ್ಬನ್ ಪಾರ್ಕಿನೊಳಗಿನ ಕರಗದ ಕುಂಟೆ ಮತ್ತು ಸಂಪಂಗಿ ಕೆರೆಯಂಗಳಗಳಲ್ಲಿ ವಿಧಿಗಳು ನಡೆದ ಬಳಿಕ, ವೀರಕುಮಾರರ ಕಾವಲಿನಲ್ಲಿ ಪೂಜಾರಿಯು ಹಸಿ ಕರಗವನ್ನು ದೇವಸ್ಥಾನಕ್ಕೆ ತರುತ್ತಾನೆ. ಸಂಪಂಗಿ ಕೆರೆ ಎಂಬುದು ಇಂದು ಬಹುತೇಕ ಹೆಸರು ಮಾತ್ರ. ಒಂದು ಕಾಲಕ್ಕೆ ಪೇಟೆಯ ಹೊರಗಿನ ತೋಟಗಳಿಗೂ ದಂಡು ಪ್ರದೇಶಕ್ಕೂ ನೀರುಣಿಸುತ್ತಿದ್ದ ಈ ಕೆರೆ, 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ನಗರಕ್ಕೆ ಬಂದ ಮೇಲೆ ಕ್ರಮೇಣ ಪ್ರಾಮುಖ್ಯ ಕಳೆದುಕೊಂಡು ಬತ್ತಿತು. 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದ ಶ್ರೀ ಕಂಠೀರವ ಕ್ರೀಡಾಂಗಣ ನಿಂತಿರುವುದು ಆ ಕೆರೆಯ ಅಂಗಳದಲ್ಲಿಯೇ. ಕ್ರೀಡಾಂಗಣದ ಪಕ್ಕದಲ್ಲಿ ಒಂದು ಸಣ್ಣ ಕೊಳ ಉಳಿದುಕೊಂಡಿದೆಯೆಂದರೆ ಅದಕ್ಕೆ ಕಾರಣ ಕರಗ. ವಿಧಿಗೆ ನೀರು ಬೇಕೇಬೇಕಾದ್ದರಿಂದ ಅಷ್ಟನ್ನಾದರೂ ಮುಚ್ಚದೆ ಬಿಡಬೇಕಾಯಿತು. ನಗರದ ಇನ್ನೊಂದು ಕೆರೆಯಾದ ಧರ್ಮಾಂಬುಧಿಗೆ ಇಂಥ ಹಕ್ಕುದಾರರು ಯಾರೂ ಇರದೆ ಅದು ಪೂರ್ತಿಯಾಗಿ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಯಿತು. ಕರಗದ ವಿಧಿಗಳು ನಗರವು ಮರೆತ ಕೆರೆ, ತೋಟ, ಕೋಟೆಗಳ ನೆನಪನ್ನು ಕಾಪಾಡಿಕೊಂಡು ಬಂದಿರುವುದನ್ನು ಮಾನವಶಾಸ್ತ್ರಜ್ಞೆ ಸ್ಮೃತಿ ಶ್ರೀನಿವಾಸ್ ಅವರು 2001ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ನಗರದ ಹಳೆಯ ನಕಾಶೆಗಳನ್ನು ಕಾಣದವರೂ ಈ ಉತ್ಸವದ ಜಾಡು ಹಿಡಿದು ನಡೆದರೆ ನೀರೆಲ್ಲಿತ್ತೆಂಬುದನ್ನು ತಕ್ಕಮಟ್ಟಿಗೆ ಊಹಿಸಬಹುದು.

ಚತುರ್ದಶಿಯಂದು ಪೊಂಗಲ್ ಸೇವೆ ನಡೆಯುತ್ತದೆ. ಮರುದಿನ, ಹುಣ್ಣಿಮೆಯ ಸಂಜೆಯಿಂದಲೇ ತಿಗಳರಪೇಟೆಯ ಸುತ್ತಲಿನ ಬೀದಿಗಳು ತುಂಬಿಕೊಳ್ಳಲಾರಂಭಿಸುತ್ತವೆ. ಪೇಟೆಯ ಇತರ ಗುಡಿಗಳ ಉತ್ಸವಮೂರ್ತಿಗಳು ಹೂವಿನ ಪಲ್ಲಕ್ಕಿಗಳಲ್ಲಿ ಬರುತ್ತವೆ. ದಾರಿಯುದ್ದಕ್ಕೂ ಮನೆ ಅಂಗಡಿಗಳ ಮುಂದೆ ನೀರುಮಜ್ಜಿಗೆ, ಪಾನಕ, ಕೋಸಂಬರಿಗಳನ್ನು ಬಂದವರಿಗೆಲ್ಲ ಹಂಚುತ್ತಾರೆ. ಕರಗ ಗರ್ಭಗುಡಿಯಿಂದ ಹೊರಬರುವ ಹೊತ್ತಿಗೆ ಸಾಮಾನ್ಯವಾಗಿ ನಡುರಾತ್ರಿ ಮೀರಿರುತ್ತದೆ. ಅದು ಹೊರಬಿದ್ದ ಕ್ಷಣ ‘ಗೋವಿಂದಾ ಗೋವಿಂದಾ’ ಎಂಬ ಕೂಗಿನ ನಡುವೆ ನಾಲ್ಕೂ ಕಡೆಯಿಂದ ಮಲ್ಲಿಗೆ ಮೊಗ್ಗಿನ ಮಳೆಯಾಗುತ್ತದೆ. ಪೂಜಾರಿಯ ತಲೆಯ ಮೇಲೆ ಗೋಪುರದಂತೆ ಮೇಲೇರಿ, ಸುತ್ತ ಇಳಿಬಿದ್ದ ಮಲ್ಲಿಗೆಯ ದಂಡೆಗಳಿಂದ ಪೂರ್ತಿ ಮುಚ್ಚಿಹೋದ ಕರಗದೊಳಗೆ ಏನಿದೆ ಎಂಬುದು ಹೊರಗಿನವರಿಗೆ ತಿಳಿಯದ ಗುಟ್ಟು. ಅದನ್ನು ಕೈಯಿಂದ ಮುಟ್ಟುವಂತಿಲ್ಲ. ಪೂಜಾರಿಯ ಒಂದು ಕೈಯಲ್ಲಿ ಬಾಕು, ಇನ್ನೊಂದರಲ್ಲಿ ಕೋಲು ಇರುವುದರಿಂದ ಕರಗವನ್ನು ಕುತ್ತಿಗೆ ಮತ್ತು ಬೆನ್ನಿನ ಹಿಡಿತದಿಂದಲೇ ನಿಲ್ಲಿಸಿಕೊಳ್ಳಬೇಕು. ಹೆಜ್ಜೆ ಮಾತ್ರ ನಿಧಾನದ್ದಲ್ಲ. ಚಿಕ್ಕ ಚಿಕ್ಕ ಹೆಜ್ಜೆಗಳಲ್ಲಿ ಓಡಿದಂತೆ ಸಾಗುತ್ತ, ನಡುನಡುವೆ ನಿಂತು ಕುಣಿಯುತ್ತ, ಪೂಜೆಗೆ ಕಾದವರ ಆರತಿ ಸ್ವೀಕರಿಸುತ್ತ ಬೆಳಗಿನವರೆಗೆ ಅವನು ನಡೆಯಬೇಕು.

ಅವನ ಸುತ್ತ ಬರಿಗತ್ತಿ ಹಿಡಿದ ವೀರಕುಮಾರರಿರುತ್ತಾರೆ. ಬಿಳಿಯ ಕಚ್ಚೆ, ತಲೆಗೆ ಪೇಟ, ಸೊಂಟಕ್ಕೆ ಬಿಗಿದ ವಸ್ತ್ರ ಅವರ ವೇಷ. ಕರಗವೇನಾದರೂ ಜಾರಿದರೆ ಇದೇ ಕತ್ತಿಗಳಿಂದ ಪೂಜಾರಿಯನ್ನು ಇರಿಯಬೇಕೆಂಬುದು ಸಂಪ್ರದಾಯದ ಮಾತಾಗಿದ್ದು, ಕಾವಲು ಮತ್ತು ಶಿಕ್ಷೆ ಎರಡೂ ಒಬ್ಬರ ಕೈಯಲ್ಲೇ ಇರುವುದು ಈ ಮೆರವಣಿಗೆಗೆ ಬೇರೆ ಉತ್ಸವಗಳಲ್ಲಿಲ್ಲದ ಬಿಗುವನ್ನು ತಂದುಕೊಡುತ್ತದೆ. ‘ಧಿಕ್ ಧೀ’ ಎನ್ನುತ್ತ ಕತ್ತಿಯ ಅಲಗನ್ನು ತಮ್ಮ ಎದೆಗೇ ತಟ್ಟಿಕೊಳ್ಳುವ ಅಲಗು ಸೇವೆ ಅವರು ತಾಯಿಗೆ ಸಲ್ಲಿಸುವ ಹರಕೆ. ದೀಕ್ಷೆ ಪಡೆಯದೆ ಈ ಕತ್ತಿ ಹಿಡಿಯುವಂತಿಲ್ಲ. ಮೈಕಟ್ಟು ಮತ್ತು ವರಸೆಗಳ ತರಬೇತಿಯನ್ನು ಹಿಂದಿನಿಂದಲೂ ಕೊಡುತ್ತ ಬಂದಿರುವುದು ಪೇಟೆಯ ಗರಡಿಮನೆಗಳು. ಅಲ್ಲಿ ಮಣ್ಣು ಹದ ಮಾಡುವ ಹುಡುಗರ ಸಂಖ್ಯೆ ಕಡಿಮೆಯಾಗುತ್ತಿರುವ ಈ ದಿನಗಳಲ್ಲಿಯೂ ಕರಗದ ರಾತ್ರಿ ಕತ್ತಿ ಹಿಡಿದು ಬರುವವರ ಸಾಲು ತೆಳ್ಳಗಾಗಿಲ್ಲ.

ಮೆರವಣಿಗೆ ಹಾದುಹೋಗುವ ಗಾಣಿಗರಪೇಟೆ, ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕಬ್ಬನ್‌ಪೇಟೆಗಳ ಹೆಸರುಗಳಲ್ಲಿ ಬಹಳಷ್ಟು ಅಲ್ಲಿ ಒಂದು ಕಾಲಕ್ಕೆ ನಡೆಯುತ್ತಿದ್ದ ಕಸುಬುಗಳವು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆ ಹೀಗೆ ಕಸುಬಿಗೊಂದು ಕೇರಿಯಂತೆ ಬೆಳೆದಿದ್ದು, ವರ್ಷದಲ್ಲಿ ಒಂದು ರಾತ್ರಿ ಆ ಕೇರಿಗಳನ್ನೆಲ್ಲ ಒಂದೇ ದಾರದಲ್ಲಿ ಪೋಣಿಸುವ ಕೆಲಸವನ್ನು ಕರಗ ಮಾಡುತ್ತದೆ. ಇಲ್ಲಿನ ಬೀದಿಗಳು ಎಷ್ಟು ಇಕ್ಕಟ್ಟೆಂದರೆ ಜನಜಂಗುಳಿಯ ನಡುವೆ ಕರಗವು ಕೈಯಳತೆಯಲ್ಲಿ ಹಾದುಹೋಗುತ್ತದೆ. ತಗ್ಗಿದ ವಿದ್ಯುತ್ ತಂತಿ, ಅಂಗಡಿಯ ನಾಮಫಲಕ, ಅಗೆದುಬಿಟ್ಟ ರಸ್ತೆ ಇವೆಲ್ಲ ಇಲ್ಲಿ ಬರಿಯ ನಾಗರಿಕ ತೊಂದರೆಗಳಾಗಿ ಉಳಿಯುವುದಿಲ್ಲ. ತಲೆಯ ಮೇಲಿನ ಕುಂಭದ ಎತ್ತರವನ್ನೂ ಕಾಲ ಕೆಳಗಿನ ನೆಲವನ್ನೂ ಒಟ್ಟಿಗೆ ಲೆಕ್ಕ ಹಾಕಬೇಕಾದ ಪೂಜಾರಿಗೆ ಅವು ಪ್ರಾಣಸಂಕಟದ ವಿಷಯ. ಕರಗ ಹತ್ತಿರ ಬಂತೆಂದರೆ ಪಾಲಿಕೆ ಈ ಬೀದಿಗಳ ಕಡೆ ನೋಡುತ್ತದೆ ಎಂಬ ಮಾತು ಪೇಟೆಯ ವ್ಯಾಪಾರಿಗಳ ಬಾಯಲ್ಲಿ ಬರುವುದುಂಟು. ಅದರಲ್ಲಿ ಕುಹಕವಿದ್ದರೂ ಹುರುಳಿಲ್ಲವೆನ್ನಲಾಗದು.

ದಾರಿಯಲ್ಲಿ ಕರಗವು ಕಾಟನ್‌ಪೇಟೆಯಲ್ಲಿರುವ ಹಜರತ್ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗುತ್ತದೆ. 18ನೆಯ ಶತಮಾನದ ಸೂಫಿ ಸಂತರಾದ ಮಸ್ತಾನರು ಮೆರವಣಿಗೆ ನೋಡಲು ಬಂದಾಗ ನೂಕುನುಗ್ಗಲಿನಲ್ಲಿ ಗಾಯಗೊಂಡರೆಂದೂ, ಪೂಜಾರಿ ಹಚ್ಚಿದ ಕುಂಕುಮದಿಂದ ಗಾಯ ಮಾಯಿತೆಂದೂ, ಅಂದಿನಿಂದ ಕರಗವು ತಮ್ಮಲ್ಲಿಗೆ ಬರಬೇಕೆಂದು ಅವರು ಕೋರಿದರೆಂದೂ ಒಂದು ಕಥೆ ಪೇಟೆಯಲ್ಲಿ ಪ್ರಚಲಿತವಾಗಿದೆ. ಕಥೆಯ ಐತಿಹಾಸಿಕತೆ ಏನೇ ಇರಲಿ, ಪದ್ಧತಿಯನ್ನು ಎರಡೂ ಕಡೆಯವರು ತಮ್ಮದೆಂದೇ ನಡೆಸಿಕೊಂಡು ಬಂದಿದ್ದಾರೆ. ಕೋವಿಡ್‌ನಿಂದಾಗಿ 2 ವರ್ಷ ಸರಳವಾಗಿ ನಡೆದ ಉತ್ಸವವು 2022ರಲ್ಲಿ ಮತ್ತೆ ವಿಜೃಂಭಣೆಗೆ ಮರಳಿದಾಗ ದರ್ಗಾ ಭೇಟಿಗೆ ಕೆಲವರಿಂದ ಆಕ್ಷೇಪ ಬಂದಿತ್ತು. ಸಂಪ್ರದಾಯವನ್ನು ಬದಲಿಸುವುದಿಲ್ಲವೆಂದು ದೇವಸ್ಥಾನದವರು ಸ್ಪಷ್ಟಪಡಿಸಿದರು, ಕರಗವು ಎಂದಿನಂತೆ ದರ್ಗಾಕ್ಕೆ ಹೋಗಿ ಬಂದಿತು. ಹೊರಗಿನ ವಾದವಿವಾದಗಳಿಗೆ ಸಂಪ್ರದಾಯಸ್ಥರೇ ಸಂಪ್ರದಾಯವನ್ನು ಮುಂದಿಟ್ಟು ಉತ್ತರಿಸಿದ ಅಪೂರ್ವ ಸಂದರ್ಭವದು.

ಬೆಳಗಿನ ಹೊತ್ತಿಗೆ ಕರಗವು ಗುಡಿಗೆ ಮರಳಿದರೂ ಉತ್ಸವ ಮುಗಿಯುವುದಿಲ್ಲ. ಪಾಂಡವರ ಕಡೆ ಸೇರಿದ ಶಿವಭಕ್ತ ಅರಸನೆಂದು ಜನಪದರು ಹಾಡುವ ಪೋತರಾಜನ ಕಥೆಯ ಪಠಣವೂ, ಅವನ ಹೆಸರಿನಲ್ಲಿ ನಡೆಯುವ ಗಾವು ಎಂಬ ಬಲಿಯ ಆಚರಣೆಯೂ, ಅರಿಶಿನ ನೀರನ್ನು ಪರಸ್ಪರ ಎರಚಿಕೊಳ್ಳುವ ವಸಂತೋತ್ಸವವೂ ನಡೆದ ಬಳಿಕವೇ ಧ್ವಜ ಕೆಳಗಿಳಿಯುತ್ತದೆ. ಅಷ್ಟಕ್ಕೂ ಕರಗ ಬೆಂಗಳೂರಿನ ಸೊತ್ತು ಮಾತ್ರವಲ್ಲ. ಆನೇಕಲ್, ಹೊಸಕೋಟೆ, ಮಾಲೂರು, ಕೋಲಾರಗಳಲ್ಲಿಯೂ ದ್ರೌಪದಿಯ ಕರಗಗಳಿವೆ. ಮಡಿಕೇರಿಯ ದಸರೆಯಂತೂ 4 ಮಾರಿಯಮ್ಮ ಗುಡಿಗಳ ಕರಗಗಳು ಬೀದಿಗಿಳಿಯುವುದರೊಂದಿಗೇ ಆರಂಭವಾಗುತ್ತದೆ. ಆದರೆ ಅಲ್ಲಿ ಕರಗದಲ್ಲಿ ಬರುವ ದೇವತೆ ದ್ರೌಪದಿಯಲ್ಲ, ಊರಿಗೆ ಬಂದ ರೋಗರುಜಿನಗಳನ್ನು ಕಳೆಯಲೆಂದು ಕರೆಸಿಕೊಂಡ ಮಾರಿ. ಆದ್ದರಿಂದ ಕುಂಭ ಒಂದೇ ಬಗೆಯದಾದರೂ ಎರಡು ಉತ್ಸವಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ನೋಡುವುದು ಸರಿಯಾಗದು.